ಹಳೆಯ ಪಿಕಪ್, ಹಿಂದೆ ಟ್ರೈಲರ್: ಸಸ್ಪೆನ್ಷನ್‌ಗೆ ಯಾವ ಮಾರ್ಪಾಡು ಸರಿ?

ಟ್ರೈಲರ್ ಸಿಕ್ಕಿಸಿದ ಕೂಡಲೇ ಹಳೆಯ ಪಿಕಪ್‌ನ ಹಿಂಭಾಗ ಕೂತು ಮೂತಿ ಮೇಲೇಳುತ್ತದೆ. ಇದಕ್ಕೆ ಪರಿಹಾರಗಳಿಗೇನೂ ಬರವಿಲ್ಲ: ಹೊಸ ಸ್ಪ್ರಿಂಗ್ ಸೆಟ್ (ಉಕ್ಕಿನ ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್), ಹೆಚ್ಚುವರಿ ಪ್ಲೇಟ್, ಹೆಲ್ಪರ್ ಸ್ಪ್ರಿಂಗ್, ರಬ್ಬರ್ ಸ್ಪ್ರಿಂಗ್, ಏರ್ ಬ್ಯಾಗ್. ಇವೆಲ್ಲ ಗಾಡಿಯ ಹಿಂಭಾಗವನ್ನು ಎತ್ತುತ್ತವೆ. ಆದರೆ ಮುಂದಿನ ಚಕ್ರಗಳು ಕಳೆದುಕೊಂಡ ಭಾರವನ್ನು ಇವುಗಳಲ್ಲಿ ಒಂದೂ ವಾಪಸ್ ತಂದುಕೊಡುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹಣ ಸುರಿದರೆ ಗಾಡಿ ನೋಡಲು ಸಮತಟ್ಟಾಗಿ ನಿಲ್ಲುತ್ತದೆ, ಸ್ಟಿಯರಿಂಗ್ ಮಾತ್ರ ತೇಲುತ್ತಲೇ ಇರುತ್ತದೆ.

ಲೆಕ್ಕ ಕಷ್ಟವೇನಲ್ಲ. 1,500 ಕೆಜಿ ಟ್ರೈಲರ್‌ನ ಶೇ. 12ರಷ್ಟು, ಅಂದರೆ 180 ಕೆಜಿ, ಹಿಚ್ ಬಾಲ್ (ಪಿಕಪ್ ಹಿಂದೆ ಟ್ರೈಲರ್ ಸಿಕ್ಕಿಸುವ ಗುಂಡು) ಮೇಲೆ ಕೂತಿದೆ ಎಂದುಕೊಳ್ಳಿ. ಪಿಕಪ್‌ನ ವೀಲ್‌ಬೇಸ್ 3.1 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ವರೆಗೆ 1.3 ಮೀಟರ್. 180ನ್ನು 1.3ರಿಂದ ಗುಣಿಸಿ 3.1ರಿಂದ ಭಾಗಿಸಿದರೆ ಸುಮಾರು 75 ಬರುತ್ತದೆ. ಮುಂದಿನ ಆಕ್ಸಲ್ ಕಳೆದುಕೊಳ್ಳುವುದು ಅಷ್ಟು ಕೆಜಿ. ಅದೂ ಹಿಂದಕ್ಕೇ ಹೋಗುವುದರಿಂದ ಹಿಂದಿನ ಆಕ್ಸಲ್ ಮೇಲೆ ಬೀಳುವುದು 255 ಕೆಜಿ. ಹಿಂಭಾಗ ಕೂರುವುದಕ್ಕೆ ಕಾರಣ ಈ 255. ಸ್ಟಿಯರಿಂಗ್ ಹಗುರವಾಗುವುದಕ್ಕೆ, ಮುಂದಿನ ಬ್ರೇಕ್‌ನ ಹಿಡಿತ ಕುಗ್ಗುವುದಕ್ಕೆ ಕಾರಣ ಆ 75. ಮೊದಲನೆಯದನ್ನು ಸ್ಪ್ರಿಂಗ್ ಹೊರುತ್ತದೆ. ಎರಡನೆಯದು ಸ್ಪ್ರಿಂಗ್‌ನಿಂದ ಆಗುವ ಕೆಲಸವಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲೋ ಕೈಪಿಡಿಯಲ್ಲೋ ಇರುವ ಗರಿಷ್ಠ ಒಟ್ಟು ತೂಕ, ಪ್ರತಿ ಆಕ್ಸಲ್‌ನ ಮಿತಿ, ಎಳೆಯುವ ಮಿತಿ: ಇವು ಯಾವ ಸ್ಪ್ರಿಂಗ್ ಹಾಕಿದರೂ ಏರುವುದಿಲ್ಲ. ಆಕ್ಸಲ್ ಕೊಳವೆ, ಬೇರಿಂಗ್, ಬ್ರೇಕ್, ಚಾಸಿ, ಗೇರ್‌ಬಾಕ್ಸ್‌ನ ತಂಪು ಎಲ್ಲವೂ ಹಳೆಯವೇ. ಏರ್ ಬ್ಯಾಗ್‌ನ ಪೆಟ್ಟಿಗೆಯ ಮೇಲೆ ಜೋಡಿಗೆ 2,000 ಕೆಜಿಗೂ ಮಿಕ್ಕ ಸಾಮರ್ಥ್ಯ ಬರೆದಿರಬಹುದು. ಅದು ಬ್ಯಾಗ್ ತಾಳುವ ಭಾರ, ನಿಮ್ಮ ಗಾಡಿ ತಾಳುವ ಭಾರವಲ್ಲ.

ಕೊಳ್ಳುವ ಮೊದಲು ಅಳತೆ

ಟೇಪ್ ಒಂದಿದ್ದರೆ ಅರ್ಧ ರೋಗ ಪತ್ತೆಯಾಗುತ್ತದೆ. ಸಮತಟ್ಟಾದ ನೆಲದಲ್ಲಿ, ಟ್ಯಾಂಕ್ ತುಂಬಿಸಿ, ಟೈರ್ ಗಾಳಿ ಸರಿ ಮಾಡಿ ಗಾಡಿ ನಿಲ್ಲಿಸಿ. ನಾಲ್ಕೂ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಸವೆತವೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಮೂರು ಸಲ ಅಳೆಯಬೇಕು: ಖಾಲಿ ಗಾಡಿ, ಪ್ರಯಾಣದ ಜನ ಮತ್ತು ಸಾಮಾನು ತುಂಬಿದ ಗಾಡಿ, ಅದರ ಮೇಲೆ ಟ್ರೈಲರ್ ಸಿಕ್ಕಿಸಿದ ಗಾಡಿ.

ಖಾಲಿ ಇದ್ದಾಗಲೇ ಎಡಬಲಗಳ ನಡುವೆ 10–15 ಮಿಮೀಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಸ್ಪ್ರಿಂಗ್ ಸೋತಿದೆ, ಬುಷ್ (ಸ್ಪ್ರಿಂಗ್ ತುದಿಯ ಬೋಲ್ಟ್ ಸುತ್ತಲಿನ ರಬ್ಬರ್) ಹೋಗಿದೆ ಅಥವಾ ಒಂದು ಪ್ಲೇಟ್ ಮುರಿದಿದೆ. ಖಾಲಿ ಗಾಡಿಯ ಎತ್ತರ ಕೈಪಿಡಿಯ ಅಂಕಿಗೆ ಹತ್ತಿರವಿದ್ದು, ಟ್ರೈಲರ್ ಸಿಕ್ಕಿಸಿದಾಗ ಮಾತ್ರ ಹಿಂಭಾಗ ವಿಪರೀತ ಕೂರುತ್ತಿದ್ದರೆ ಸ್ಪ್ರಿಂಗ್ ಚೆನ್ನಾಗಿಯೇ ಇದೆ, ಭಾರವೇ ಹೆಚ್ಚು. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಆಮೇಲೆ ವೇ ಬ್ರಿಡ್ಜ್. ಸಾಮಾನು ತುಂಬಿದ ಪಿಕಪ್ ಒಂದನ್ನೇ ಒಮ್ಮೆ, ಟ್ರೈಲರ್ ಸಮೇತ ಇನ್ನೊಮ್ಮೆ, ಆಕ್ಸಲ್ ಆಕ್ಸಲ್ ಬೇರೆಯಾಗಿ ತೂಗಿಸಿ. ಎರಡನೇ ತೂಕದಲ್ಲಿ ಪಿಕಪ್‌ನ ಎರಡೂ ಆಕ್ಸಲ್‌ಗಳ ಮೊತ್ತದಿಂದ ಮೊದಲಿನ ಮೊತ್ತ ಕಳೆದರೆ ಬಾಲ್ ಮೇಲಿನ ಭಾರ ಸಿಗುತ್ತದೆ. ಸಾಮಾನ್ಯ ಟ್ರೈಲರ್‌ಗೆ ಅದು ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರೊಳಗೆ ಇರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಬೀಸತೊಡಗುತ್ತದೆ, ಹದಿನೈದು ದಾಟಿದರೆ ಹಿಂದಿನ ಆಕ್ಸಲ್ ನರಳುತ್ತದೆ. ಎಷ್ಟೋ ಸಲ ಟ್ರೈಲರ್ ಒಳಗಿನ ಭಾರದ ಪೆಟ್ಟಿಗೆಯೊಂದನ್ನು ಒಂದು ಅಡಿ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಆಗುವ ಕೆಲಸಕ್ಕೆ ಜನ ಏರ್ ಬ್ಯಾಗ್ ಕೊಳ್ಳುತ್ತಾರೆ.

ಈಗಿರುವ ಸ್ಪ್ರಿಂಗ್ ಏನು ಹೇಳುತ್ತಿದೆ

ಕೆಳಗೆ ಮಲಗಿ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಖಾಲಿ ಗಾಡಿಯಲ್ಲೇ ಮೇನ್ ಪ್ಲೇಟ್ ಚಪ್ಪಟೆಯಾಗಿ ಅಥವಾ ಉಲ್ಟಾ ಬಾಗಿ ನಿಂತಿದ್ದರೆ ಉಕ್ಕು ದಣಿದಿದೆ ಎಂದೇ ಅರ್ಥ (ಖಾಲಿ ಇದ್ದಾಗಲೂ ಬಹುತೇಕ ಚಪ್ಪಟೆಯಾಗಿರುವಂತೆಯೇ ವಿನ್ಯಾಸ ಮಾಡಿದ ಕೆಲವು ಗಾಡಿಗಳಿವೆ, ಹಾಗಾಗಿ ಕೈಪಿಡಿಯ ಎತ್ತರದೊಂದಿಗೆ ತಾಳೆ ನೋಡಿ). ಶಾಕಲ್ (ಸ್ಪ್ರಿಂಗ್‌ನ ಹಿಂತುದಿಯನ್ನು ಚಾಸಿಗೆ ಜೋಡಿಸುವ, ಅಲ್ಲಾಡುವ ಕೊಂಡಿ) ತೀರಾ ಹಿಂದಕ್ಕೆ ವಾಲಿ ಚಾಸಿಗೆ ತಾಗುವ ಹಾಗಿದ್ದರೆ ಸ್ಪ್ರಿಂಗ್‌ಗೆ ಉದ್ದವಾಗಲು ಜಾಗವಿಲ್ಲ. ಭಾರ ಬಿದ್ದಾಗ ಧಡ್ ಎನ್ನುವ ಸದ್ದು ಅಲ್ಲಿಂದಲೇ ಬರುವುದು. ಪ್ಲೇಟ್‌ಗಳ ಸಾಲು ಓರೆಯಾಗಿದ್ದರೆ ಪ್ಲೇಟ್‌ಗಳನ್ನು ನಡುವೆ ಸೇರಿಸಿ ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿರುವ ಸಂಶಯ. ಹಾಗಾಗಿದ್ದರೆ ಆಕ್ಸಲ್ ಜರುಗುತ್ತದೆ, ನೇರ ರಸ್ತೆಯಲ್ಲೂ ಗಾಡಿ ಓರೆಯಾಗಿ ಓಡುತ್ತದೆ.

ಬಿರುಕು ಹುಡುಕಬೇಕಾದ ಜಾಗ ಮೂರು: ಸೆಂಟರ್ ಬೋಲ್ಟ್ ತೂತಿನ ಆಚೀಚೆ, ಕ್ಲಿಪ್‌ಗಳ ಅಡಿ, ಕೆಳಗಿನ ಪ್ಲೇಟ್‌ನ ತುದಿ ಮೇಲಿನ ಪ್ಲೇಟನ್ನು ಉಜ್ಜುವ ಗೆರೆ. ಮೂರನೆಯ ಕಡೆ ಬೆರಳಾಡಿಸಿದರೆ ಒಂದು ತೋಡು ಕೈಗೆ ಸಿಗುತ್ತದೆ. ಆ ತೋಡು ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿದ್ದರೆ ಆ ಪ್ಲೇಟ್ ಮುಂದೊಂದು ದಿನ ಅಲ್ಲಿಯೇ ಮುರಿಯುತ್ತದೆ. ತುಕ್ಕು ಹಿಡಿದು ಪ್ಲೇಟ್‌ಗಳ ನಡುವೆ ಉಬ್ಬಿದ್ದರೆ ಅಂಥ ಸೆಟ್‌ಗೆ ಹೊಸ ಪ್ಲೇಟ್ ಸೇರಿಸುವ ಯೋಚನೆ ಬಿಡಿ.

ಸ್ಪ್ರಿಂಗ್‌ನಷ್ಟೇ ಮುಖ್ಯ ಅದರ ಮುಂತುದಿ ಕೂತಿರುವ, ಚಾಸಿಗೆ ಸೇರಿದ ಹ್ಯಾಂಗರ್. ಹ್ಯಾಂಗರ್ ಮತ್ತು ಶಾಕಲ್ ಸುತ್ತಲಿನ ಚಾಸಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡಿ ಪದರ ಉದುರಿಸುತ್ತದೆ. ಅಲ್ಲಿ ಬೆಸುಗೆ ಕೆಲಸ ಮುಗಿಯುವ ತನಕ ಮುಂದಿನ ಯಾವ ಆಯ್ಕೆಗೂ ಅರ್ಥವಿಲ್ಲ.

ಹೊಸ ಲೀಫ್ ಸೆಟ್: ದುಬಾರಿ, ಆದರೂ ಮೊದಲ ಆಯ್ಕೆ

ಹದಿನೈದು–ಇಪ್ಪತ್ತು ವರ್ಷದ ಪಿಕಪ್‌ಗೆ, ಸ್ಪ್ರಿಂಗ್ ನಿಜವಾಗಿಯೂ ಸೋತಿದ್ದರೆ, ಬೇರೆಲ್ಲ ದಾರಿಗಳು ತೇಪೆ ಹಚ್ಚುವ ಕೆಲಸ. ಹೊಸ ಸೆಟ್ ಹಾಕಿದರೆ ಎತ್ತರ, ಬಿಗಿ, ಬುಷ್, ಸೆಂಟರ್ ಬೋಲ್ಟ್ ಎಲ್ಲವೂ ಒಮ್ಮೆಗೇ ಹೊಸದಾಗುತ್ತವೆ. ಭಾರ ಚಾಸಿಗೆ ಇಳಿಯುವುದೂ ಗಾಡಿ ಮಾಡಿದವರು ಉದ್ದೇಶಿಸಿದ ಎರಡೇ ಬಿಂದುಗಳಲ್ಲಿ, ಮುಂದಿನ ಹ್ಯಾಂಗರ್ ಮತ್ತು ಹಿಂದಿನ ಶಾಕಲ್‌ನಲ್ಲಿ.

ಜನ ಎಡವುವುದು ಸೆಟ್ ಆರಿಸುವಾಗ. ಸದಾ 300 ಕೆಜಿ ಹೊರೆಗೆ, ಸದಾ 500 ಕೆಜಿ ಹೊರೆಗೆ ಎಂದು ಬೇರೆ ಬೇರೆ ಬಿಗಿಯ ಸೆಟ್‌ಗಳು ಸಿಗುತ್ತವೆ. ವರ್ಷಕ್ಕೆ ಆರೇಳು ಸಲ ಟ್ರೈಲರ್ ಎಳೆಯುವವರು 500ರ ಸೆಟ್ ಹಾಕಿಸಿದರೆ ಉಳಿದ ದಿನ ಖಾಲಿ ಗಾಡಿಯ ಹಿಂಭಾಗ ಗುಂಡಿಗುಂಡಿಗೂ ಜಿಗಿಯುತ್ತದೆ, ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ಹಿಂಭಾಗ ಬಿಗಿಯಾದಷ್ಟೂ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸಾಗುವ ಭಾರದಲ್ಲಿ ಹೆಚ್ಚಿನ ಪಾಲನ್ನು ಹಿಂದಿನ ಆಕ್ಸಲ್ಲೇ ಹೊರಬೇಕಾಗುವುದು ಇದಕ್ಕೆ ಕಾರಣ. ಸೆಟ್ ಆರಿಸುವಾಗ ವರ್ಷದ ಹೆಚ್ಚಿನ ದಿನಗಳ ಹೊರೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಅಪರೂಪದ ದೊಡ್ಡ ಹೊರೆಗೆ ಬೇರೆ ಸಹಾಯ ಸೇರಿಸಿಕೊಳ್ಳಬಹುದು.

ಅಳವಡಿಕೆ ಒಂದು ದಿನದ ಕೆಲಸ. ಹಿಂದಿನ ದಿನವೇ ಎಲ್ಲ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಚಾಸಿಯನ್ನು ಸ್ಟ್ಯಾಂಡ್ ಮೇಲೆ, ಆಕ್ಸಲನ್ನು ಜಾಕ್ ಮೇಲೆ ನಿಲ್ಲಿಸಿ ಒಂದೊಂದೇ ಬದಿ ಮಾಡಬೇಕು. ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಉರುಳುತ್ತದೆ. ಆಕ್ಸಲ್ ಇಳಿಸುವಾಗ ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್, ಎಬಿಎಸ್ ವೈರ್ ಎಳೆದುಕೊಳ್ಳದಂತೆ ಕಣ್ಣಿಡಿ. ಮುಂದಿನ ಹ್ಯಾಂಗರ್ ಬೋಲ್ಟ್ ಬುಷ್‌ನ ಒಳಕೊಳವೆಗೇ ತುಕ್ಕಿನಿಂದ ಅಂಟಿಕೊಂಡಿರುವುದು ಹಳೆಯ ಗಾಡಿಗಳಲ್ಲಿ ಮಾಮೂಲು, ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಆದ್ದರಿಂದ ಬೋಲ್ಟ್ ಮೊದಲೇ ತಂದಿಟ್ಟುಕೊಂಡಿರಿ.

ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹಳೆಯದನ್ನೇ ಮತ್ತೆ ಹಾಕಬೇಡಿ. ಬಿಗಿಯುವಾಗ ಅದು ಹಿಗ್ಗಿರುತ್ತದೆ, ಥ್ರೆಡ್‌ನ ಆಕಾರ ಕೆಟ್ಟಿರುತ್ತದೆ; ಎರಡನೇ ಸಲ ಅದೇ ಬಿಗಿ ನಿಲ್ಲುವುದಿಲ್ಲ. ಹೊಸದು ತರುವಾಗ ಕೊಡಬೇಕಾದ ಅಳತೆ ಮೂರು: ಥ್ರೆಡ್ ವ್ಯಾಸ, ಕಾಲುಗಳ ನಡುವಿನ ಒಳ ಅಗಲ, ಕಾಲಿನ ಉದ್ದ. ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಪ್ಯಾಡ್‌ನ ತೂತಿನಲ್ಲಿ ಪೂರ್ತಿ ಕೂತಿದೆಯೇ ನೋಡಿಕೊಂಡು, ನಾಲ್ಕೂ ನಟ್‌ಗಳನ್ನು ಅಡ್ಡಡ್ಡಲಾಗಿ ಮೂರು–ನಾಲ್ಕು ಹಂತದಲ್ಲಿ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಂಕಿಗೆ ತನ್ನಿ. ಹ್ಯಾಂಗರ್ ಮತ್ತು ಶಾಕಲ್ ಬೋಲ್ಟ್‌ಗಳ ಕೊನೆಯ ಬಿಗಿತ ಮಾತ್ರ ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಮೊದಲ 100 ಕಿಮೀ ಆದಮೇಲೆ ಯು-ಬೋಲ್ಟ್ ಮತ್ತೆ ಬಿಗಿಯಿರಿ, 500 ಮತ್ತು 1,000 ಕಿಮೀನಲ್ಲಿ ಇನ್ನೊಮ್ಮೆ ನೋಡಿ. ಹೊಸ ಸೆಟ್‌ನ ಬಣ್ಣ ಮತ್ತು ಅಂಚುಗಳು ಅದುಮಿಕೊಂಡು ಬಿಗಿ ಸಡಿಲಾಗುವುದು ಸಹಜ.

ಹಳೆಯ ಸೆಟ್ಟನ್ನೇ ಬಡಿದು ಮತ್ತೆ ಕಮಾನು ಕೊಡಿಸುವುದು ಅಗ್ಗದ ದಾರಿ. ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡುವ ವ್ಯವಸ್ಥೆ ಇರುವ ಕಡೆ ಅದು ನಿಲ್ಲುತ್ತದೆ. ತಣ್ಣಗಿದ್ದಂತೆಯೇ ಬಡಿದು ಬಾಗಿಸಿದ್ದು ಬೇಗ ಮತ್ತೆ ಕೂರುತ್ತದೆ.

ಒಂದು ಪ್ಲೇಟ್ ಸೇರಿಸುವುದು, ಹೆಲ್ಪರ್ ಸ್ಪ್ರಿಂಗ್

ಹೆಚ್ಚುವರಿ ಪ್ಲೇಟ್ 25ರಿಂದ 50 ಮಿಮೀ ಎತ್ತರ ಕೊಡುತ್ತದೆ, ಬೆಲೆಯೂ ಕಡಿಮೆ. ಇದರಲ್ಲಿ ಎರಡು ಬಗೆ. ಗಿಡ್ಡ, ದಪ್ಪ ಪ್ಲೇಟ್ ಇಡೀ ಬಾಗುವಿಕೆಯನ್ನು ತನ್ನ ತುದಿಗಳಾಚೆಗೆ ತಳ್ಳುತ್ತದೆ. ಮೇಲಿನ ಪ್ಲೇಟ್ ಆ ಗೆರೆಯಲ್ಲೇ ಒತ್ತಡ ತಿಂದು ಮುರಿಯುತ್ತದೆ, ಸವಾರಿಯೂ ಕಲ್ಲಿನಂತಾಗುತ್ತದೆ. ಮೇನ್ ಪ್ಲೇಟ್‌ಗೆ ಹತ್ತಿರದ ಉದ್ದವಿರುವ, ತುದಿ ತೆಳುವಾಗಿಸಿದ ಪ್ಲೇಟ್ ಒತ್ತಡವನ್ನು ಹರಡುತ್ತದೆ. ಸೇರಿಸುವುದೇ ಆದರೆ ಎರಡನೆಯದನ್ನೇ ಸೇರಿಸಿ, ಅದೂ ಉಳಿದ ಪ್ಲೇಟ್‌ಗಳು ಆರೋಗ್ಯವಾಗಿದ್ದರೆ ಮಾತ್ರ. ದಣಿದ ಸೆಟ್‌ನಲ್ಲಿ ಹೊಸ ಪ್ಲೇಟ್ ಒಂದೇ ಎಲ್ಲರ ಪಾಲಿನ ಭಾರ ಹೊರಬೇಕಾಗುತ್ತದೆ. ಸೆಂಟರ್ ಬೋಲ್ಟ್ ಮತ್ತು ಯು-ಬೋಲ್ಟ್ ಎರಡೂ ಉದ್ದದವು ಬೇಕಾಗುತ್ತವೆ. ನಟ್ ಪೂರ್ತಿ ಕೂತು ಎರಡು–ಮೂರು ಥ್ರೆಡ್ ಹೊರಗೆ ಕಾಣಬೇಕು.

ಲೀಫ್ ಸೆಟ್‌ನ ಮೇಲೆ ಕ್ಲಾಂಪ್ ಮಾಡುವ ಉಕ್ಕಿನ ಹೆಲ್ಪರ್ ಸ್ಪ್ರಿಂಗ್‌ಗೆ ಅದರ ಯೋಗ್ಯತೆಗೆ ತಕ್ಕ ಹೆಸರು ಇನ್ನೂ ಬಂದಿಲ್ಲ. ಭಾರ ಲೀಫ್ ಮೂಲಕವೇ ಹ್ಯಾಂಗರ್‌ಗೆ ಹೋಗುವುದರಿಂದ ಚಾಸಿಗೆ ಹೊಸ ಜಾಗದಲ್ಲಿ ಪೆಟ್ಟಿಲ್ಲ. ಗಾಳಿ ಇಲ್ಲ, ಸೋರಿಕೆ ಇಲ್ಲ, ಆಕ್ಸಲ್ ತಿರುಚಿಕೊಳ್ಳುವುದೂ ಸ್ವಲ್ಪ ಕಡಿಮೆಯಾಗುತ್ತದೆ. ಬಿಗಿಯನ್ನು ಬೋಲ್ಟ್‌ನಿಂದ ಹೊಂದಿಸುವ ಮಾದರಿಯಲ್ಲಿ ಎರಡೂ ಬದಿ ಒಂದೇ ಸಮ ಸುತ್ತು ಕೊಟ್ಟಿದ್ದೀರಾ ಎಂದು ನೋಡಿಕೊಳ್ಳಿ. ಕೊರತೆ ಒಂದೇ: ಖಾಲಿ ಗಾಡಿಯಲ್ಲೂ ಅದರ ಬಿಗಿ ಇದ್ದೇ ಇರುತ್ತದೆ.

ರಬ್ಬರ್ ಸ್ಪ್ರಿಂಗ್

ಕಾರ್ಖಾನೆಯ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ತೆಗೆದು ಅದರ ಜಾಗದಲ್ಲಿ ಕೂರಿಸುವ ಟೊಳ್ಳು ರಬ್ಬರ್ ಇದು. ಖಾಲಿ ಗಾಡಿಯಲ್ಲಿ ಆಕ್ಸಲ್‌ಗೂ ಇದಕ್ಕೂ ನಡುವೆ ಅಂತರವಿರುತ್ತದೆ, ಹಾಗಾಗಿ ಸವಾರಿ ಕೆಡುವುದಿಲ್ಲ. ಭಾರ ಬಿದ್ದು ತಾಗಿದ ಮೇಲೆ ಅದುಮಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಹಾಕಿ ಮರೆತುಬಿಡಬಹುದು. ಆದರೆ ತುಂಬ ಸೋತ ಸ್ಪ್ರಿಂಗ್ ಇದ್ದರೆ ಖಾಲಿ ಗಾಡಿಯಲ್ಲೇ ತಾಗಿಕೊಂಡು ಕುಳಿತು, ಪ್ರತಿ ಗುಂಡಿಯ ಹೊಡೆತವನ್ನು ನೇರ ಚಾಸಿಗೆ ದಾಟಿಸುತ್ತದೆ. ಅಪರೂಪಕ್ಕೆ, ಹೆಚ್ಚುಕಡಿಮೆ ಒಂದೇ ತೂಕದ ಟ್ರೈಲರ್ ಎಳೆಯುವವರಿಗೆ ಇದು ಸಾಕು.

ಏರ್ ಬ್ಯಾಗ್: ಅನುಕೂಲ ಹೆಚ್ಚು, ಎಚ್ಚರಿಕೆಯೂ ಹೆಚ್ಚು

ಖಾಲಿ ಇದ್ದಾಗ ಗಾಳಿ ಇಳಿಸಿ, ಹೊರೆ ಬಂದಾಗ ತುಂಬಿ, ಎಡಬಲ ಬೇರೆ ಬೇರೆ ಹೊಂದಿಸಬಹುದು. ಬದಲಾಗುವ ಹೊರೆಗೆ ಇದರಷ್ಟು ಒಗ್ಗುವುದು ಬೇರೊಂದಿಲ್ಲ. ಇದರ ಜನಪ್ರಿಯತೆಗೆ ಅದೇ ಕಾರಣ, ದುರ್ಬಳಕೆಗೂ ಅದೇ.

ಮೊದಲ ವಿಷಯ ಚಾಸಿ. ಲೀಫ್ ಸ್ಪ್ರಿಂಗ್ ಭಾರವನ್ನು ಒಂದು ಮೀಟರ್‌ಗೂ ಹೆಚ್ಚು ಅಂತರದ ಎರಡು ಬಿಂದುಗಳಲ್ಲಿ ಚಾಸಿಗೆ ಹಂಚುತ್ತದೆ. ಏರ್ ಬ್ಯಾಗ್ ಆಕ್ಸಲ್‌ನ ನೇರ ಮೇಲೆ, ಚಾಸಿಯ ಒಂದೇ ಜಾಗವನ್ನು ಮೇಲಕ್ಕೆ ಒತ್ತುತ್ತದೆ. ಹಿಂದೆ ಬಾಲ್ ಮೇಲಿನ ಭಾರ ಕೆಳಕ್ಕೆ ಜಗ್ಗುತ್ತಿರುತ್ತದೆ. ನಡುವೆ ಸಿಕ್ಕ ಚಾಸಿ ಮೊಣಕಾಲ ಮೇಲಿಟ್ಟು ಒತ್ತಿದ ಕೋಲಿನಂತೆ ಬಾಗುತ್ತದೆ. ಉದ್ದ ಕ್ಯಾಬಿನ್‌ನ, ಹಿಂದಕ್ಕೆ ಚಾಚಿಕೊಂಡ ಡೆಕ್‌ನ ಪಿಕಪ್‌ಗಳಲ್ಲಿ, ಡೆಕ್ ತುಂಬ ಸಾಮಾನು ಹೇರಿ ಟ್ರೈಲರನ್ನೂ ಎಳೆದಾಗ ಚಾಸಿ ಬಾಗುವುದು ಹೀಗೆಯೇ. ತುಕ್ಕು ಹಿಡಿದ ಹಳೆಯ ಚಾಸಿಗೆ ಅಪಾಯ ಇನ್ನೂ ಹೆಚ್ಚು. ರಬ್ಬರ್ ಸ್ಪ್ರಿಂಗ್‌ಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅದನ್ನು ಗಾಳಿಯಂತೆ ಬೇಕೆಂದಷ್ಟು ಉಬ್ಬಿಸಲಾಗದ ಕಾರಣ ಜನ ಅತಿರೇಕಕ್ಕೆ ಹೋಗುವುದು ಕಡಿಮೆ.

ಎರಡನೆಯದು ಪೈಪ್ ಜೋಡಣೆ. ಎರಡೂ ಬ್ಯಾಗ್‌ಗಳನ್ನು ಒಂದೇ ಪೈಪ್‌ಗೆ ಸೇರಿಸಿದರೆ ತಿರುವಿನಲ್ಲಿ ಹೊರಬದಿಯ ಬ್ಯಾಗ್ ಅದುಮಿಕೊಂಡು ಗಾಳಿ ಒಳಬದಿಗೆ ಹರಿಯುತ್ತದೆ; ಗಾಡಿ ವಾಲಬಾರದ ಹೊತ್ತಿನಲ್ಲೇ ಇನ್ನಷ್ಟು ವಾಲುತ್ತದೆ. ಬದಿಗೊಂದು ವಾಲ್ವ್, ಬದಿಗೊಂದು ಪೈಪ್ ಇರಲಿ. ಪೈಪನ್ನು ಹರಿತ ಬ್ಲೇಡ್‌ನಿಂದ ನೇರವಾಗಿ ಕತ್ತರಿಸಿ. ಕಟಿಂಗ್ ಪ್ಲೈಯರ್‌ನಲ್ಲಿ ಕತ್ತರಿಸಿದರೆ ತುದಿ ಅಂಡಾಕಾರವಾಗಿ ಫಿಟಿಂಗ್‌ನಲ್ಲಿ ಸೋರುತ್ತದೆ, ಸೋರಿಕೆಯ ದೂರುಗಳಲ್ಲಿ ಬಹುಪಾಲು ಇಲ್ಲಿಯದೇ. ಸೈಲೆನ್ಸರ್ ಪೈಪ್ 150 ಮಿಮೀಗಿಂತ ಹತ್ತಿರವಿದ್ದರೆ ಶಾಖ ತಡೆಯುವ ತಗಡು ಹಾಕಿ. ಉಬ್ಬಿದ ಬ್ಯಾಗ್‌ನ ಸುತ್ತ ಕನಿಷ್ಠ 12 ಮಿಮೀ ಖಾಲಿ ಜಾಗ ಬೇಕು. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಗೇಜ್ ಹಚ್ಚಿದಾಗಲೇ ಒಂದೆರಡು ಪಿಎಸ್‌ಐ ಹೋಗುತ್ತದೆ ಎಂಬುದು ನೆನಪಿರಲಿ.

ಖಾಲಿ ಓಡಿಸುವಾಗಲೂ ಬ್ಯಾಗ್ ಪೂರ್ತಿ ಖಾಲಿ ಮಾಡಬಾರದು. ತಯಾರಕರು ಹೇಳಿದ ಕನಿಷ್ಠ ಒತ್ತಡ, ಸಾಮಾನ್ಯವಾಗಿ 5 ಪಿಎಸ್‌ಐ, ಇರಲೇಬೇಕು. ಇಲ್ಲದಿದ್ದರೆ ರಬ್ಬರ್ ಮಡಚಿ, ಚಿವುಟಿಕೊಂಡು ಹರಿಯುತ್ತದೆ. ಗಾಡಿಯನ್ನು ಚಾಸಿಯಿಂದ ಜಾಕ್ ಹಾಕಿ ಎತ್ತಿದಾಗ ಆಕ್ಸಲ್ ಜೋತು ಬ್ಯಾಗ್ ಅತಿಯಾಗಿ ಹಿಗ್ಗಬಹುದು. ಟೈರ್ ಬದಲಿಸುವಾಗ ಜಾಕನ್ನು ಆಕ್ಸಲ್ ಕೆಳಗೆ ಇಡುವುದು ಲೇಸು.

ಎಷ್ಟು ಗಾಳಿ? ಹಿಂಭಾಗವನ್ನು ಖಾಲಿ ಗಾಡಿಯ ಎತ್ತರಕ್ಕೇ ತರಬೇಕೆಂಬ ಹಟ ಬೇಡ. ಟ್ರೈಲರ್‌ನಿಂದ 60 ಮಿಮೀ ಕೂತಿದ್ದರೆ 30–40 ಮಿಮೀ ವಾಪಸ್ ಬಂದರೆ ಸಾಕು. ಹೊರೆ ಹೊತ್ತ ಗಾಡಿ ತುಸು ಕೂರುವುದು ನ್ಯಾಯವೇ. ಇದಕ್ಕೆ ಇನ್ನೊಂದು ಬಲವಾದ ಕಾರಣ ಬ್ರೇಕ್‌ನಲ್ಲಿದೆ.

ಹೆಚ್ಚಿನವರು ಮರೆಯುವ ಬ್ರೇಕ್ ವಾಲ್ವ್

ಹಳೆಯ ಪಿಕಪ್‌ಗಳಲ್ಲಿ ಅನೇಕಕ್ಕೆ ಹಿಂದಿನ ಆಕ್ಸಲ್ ಹತ್ತಿರ, ಚಾಸಿಗೆ ಬಿಗಿದ ಒಂದು ವಾಲ್ವ್ ಇರುತ್ತದೆ. ಅದರಿಂದ ಒಂದು ಸಣ್ಣ ಸರಳೋ ಸ್ಪ್ರಿಂಗೋ ಆಕ್ಸಲ್‌ಗೆ ಸೇರಿರುತ್ತದೆ. ಹೊರೆ ಬಿದ್ದು ಚಾಸಿ ಕೆಳಗಿಳಿದರೆ ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿಯಾಗಿ ಮೇಲೆದ್ದರೆ ಒತ್ತಡ ತಗ್ಗಿಸುತ್ತದೆ. ಅದಕ್ಕೆ ಗೊತ್ತಿರುವುದು ಎತ್ತರ ಮಾತ್ರ. ತೂಕ ಅದಕ್ಕೆ ಕಾಣುವುದಿಲ್ಲ.

ನೀವು ಏರ್ ಬ್ಯಾಗೋ ಹೆಚ್ಚುವರಿ ಪ್ಲೇಟೋ ಹಾಕಿ ಹೊರೆ ತುಂಬಿದ ಗಾಡಿಯನ್ನು ಖಾಲಿ ಎತ್ತರಕ್ಕೆ ಎತ್ತಿದಿರಿ ಎನ್ನಿ. ವಾಲ್ವ್ ‘ಗಾಡಿ ಖಾಲಿ’ ಎಂದು ತಿಳಿದು ಹಿಂದಿನ ಬ್ರೇಕನ್ನು ಕಡಿತ ಮಾಡುತ್ತದೆ. ಹಿಂದೆ ಟ್ರೈಲರ್ ತಳ್ಳುತ್ತಿರುವಾಗ, ಭಾರ ಕಳೆದುಕೊಂಡ ಮುಂದಿನ ಚಕ್ರಗಳೇ ಇಡೀ ಸಾಲನ್ನು ನಿಲ್ಲಿಸಬೇಕಾಗುತ್ತದೆ. ಲೀಫ್ ಬದಲಿಸಿ ಗಾಡಿ ಶಾಶ್ವತವಾಗಿ 40 ಮಿಮೀ ಎತ್ತರವಾದರೆ ಸರಳಿನ ಬ್ರಾಕೆಟನ್ನೂ ಅಷ್ಟೇ ಎತ್ತರಿಸಿ, ಕೈಪಿಡಿಯಲ್ಲಿ ಹೇಳಿದಂತೆ ಒತ್ತಡದ ಗೇಜ್ ಹಚ್ಚಿ ಪರೀಕ್ಷಿಸಬೇಕು. ಏರ್ ಬ್ಯಾಗ್‌ನ ಎತ್ತರ ದಿನಕ್ಕೊಂದು ಬಗೆಯಾದ್ದರಿಂದ ಅದಕ್ಕೆ ಒಂದೇ ಸರಿಯಾದ ಹೊಂದಾಣಿಕೆ ಸಾಧ್ಯವಿಲ್ಲ. ಕುಸಿತದ ಒಂದು ಪಾಲನ್ನು ಹಾಗೆಯೇ ಬಿಡಿ ಎಂದದ್ದು ಇದಕ್ಕೆ. ಸರಳು ತುಕ್ಕಿನಿಂದ ಜಾಮ್ ಆಗಿದೆಯೇ ಎಂಬುದನ್ನೂ ಅಲ್ಲಾಡಿಸಿ ನೋಡಿ, ಹಳೆಯ ಗಾಡಿಗಳಲ್ಲಿ ಬಹಳ ಸಲ ಆಗಿರುತ್ತದೆ.

ಮುಂದಕ್ಕೆ ಭಾರ ತರುವುದು ಒಂದೇ: ಭಾರ ಹಂಚುವ ಹಿಚ್

ಹಿಚ್‌ನಿಂದ ಟ್ರೈಲರ್ ಚೌಕಟ್ಟಿನವರೆಗೆ ಚಾಚುವ ಎರಡು ಉಕ್ಕಿನ ಸ್ಪ್ರಿಂಗ್ ಬಾರ್‌ಗಳನ್ನು ಸರಪಳಿಯಿಂದಲೋ ಬ್ರಾಕೆಟ್‌ನಿಂದಲೋ ಎಳೆದು ಬಿಗಿಯುತ್ತಾರೆ. ಆ ಸನ್ನೆಯ ಬಲ ಹಿಂದಿನ ಆಕ್ಸಲ್‌ನಿಂದ ಒಂದು ಪಾಲನ್ನು ತೆಗೆದು ಮುಂದಿನ ಆಕ್ಸಲ್‌ಗೂ ಟ್ರೈಲರ್‌ನ ಆಕ್ಸಲ್‌ಗೂ ಹಂಚುತ್ತದೆ. ಮೊದಲು ಲೆಕ್ಕ ಹಾಕಿದ ಆ 75 ಕೆಜಿಯನ್ನು ಮುಟ್ಟುವ ಸಲಕರಣೆ ಈ ಪಟ್ಟಿಯಲ್ಲಿ ಇದೊಂದೇ. ಆದ್ದರಿಂದ, ಲೀಫ್ ಆರೋಗ್ಯವಾಗಿದ್ದು ಮೂತಿ ಎದ್ದಿದ್ದರೆ ಏರ್ ಬ್ಯಾಗ್‌ಗಿಂತ ಮೊದಲು ಇದಕ್ಕೆ ಖರ್ಚು ಮಾಡಿ.

ಹೊಂದಿಸುವ ಬಗೆ: ಟ್ರೈಲರ್ ಇಲ್ಲದಾಗ ಮುಂದಿನ ಫೆಂಡರ್ ಎತ್ತರ ನೆಲದಿಂದ 900 ಮಿಮೀ ಎನ್ನಿ (ಇಲ್ಲಿ ಬೇಕಾದದ್ದು ವ್ಯತ್ಯಾಸ ಮಾತ್ರ, ಹಾಗಾಗಿ ನೆಲದಿಂದ ಅಳೆದರೂ ಸರಿ). ಬಾರ್ ಬಿಗಿಯದೆ ಟ್ರೈಲರ್ ಸಿಕ್ಕಿಸಿದಾಗ 924 ಆಯಿತು. ಬಾರ್ ಬಿಗಿದು ಕನಿಷ್ಠ ಅರ್ಧ, ಅಂದರೆ 912ಕ್ಕೆ ತನ್ನಿ. ನಿಮ್ಮ ಗಾಡಿಯ ಕೈಪಿಡಿ ಬೇರೆ ಪ್ರಮಾಣ ಹೇಳಿದರೆ ಅದನ್ನೇ ಪಾಲಿಸಿ. 900ಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ. ಅತಿಯಾಗಿ ಬಿಗಿದರೆ ಹಿಂದಿನ ಚಕ್ರ ಹಗುರವಾಗಿ, ಒದ್ದೆ ಇಳಿಜಾರಿನಲ್ಲಿ ಟ್ರೈಲರ್ ಪಿಕಪ್‌ನ ಬೆನ್ನನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ.

ಏರ್ ಬ್ಯಾಗ್ ಕೂಡ ಇದ್ದರೆ ಅದನ್ನು ಕನಿಷ್ಠ ಒತ್ತಡದಲ್ಲಿಟ್ಟು ಮೊದಲು ಬಾರ್ ಹೊಂದಿಸಿ, ಆಮೇಲೆ ಸ್ವಲ್ಪ ಗಾಳಿ ತುಂಬಿ, ಮುಂದಿನ ಎತ್ತರ ಮತ್ತೆ ಅಳೆಯಿರಿ. ಮೊದಲೇ ಗಾಳಿಯಿಂದ ಎತ್ತಿಬಿಟ್ಟರೆ ಗಾಡಿ ಸಮತಟ್ಟಾಗಿ ಕಂಡು ಬಾರ್‌ಗೆ ಸಾಕಷ್ಟು ಬಿಗಿ ಬೀಳುವುದೇ ಇಲ್ಲ.

ಎರಡು ಅಡ್ಡಿಗಳನ್ನು ಮುಂಚೆಯೇ ಪರಿಶೀಲಿಸಿ. ಗಾಡಿಗೆ ಬಿಗಿದ ಹಿಚ್ ರಿಸೀವರ್‌ನ (ಹಿಚ್ ತೂರಿಸುವ ಚೌಕ ಕೊಳವೆ) ಲೇಬಲ್‌ನಲ್ಲಿ ಭಾರ ಹಂಚುವ ಬಳಕೆಗೆ ಅನುಮತಿ ಇರಬೇಕು. ಟ್ರೈಲರ್ ತಳ್ಳಿದಾಗ ತಾನೇ ಹಿಡಿಯುವ ಬಗೆಯ ಬ್ರೇಕ್ ಇದ್ದರೆ, ಬಾರ್‌ಗಳು ಆ ಬ್ರೇಕನ್ನು ಒತ್ತುವ ಜಾರುವ ಕಪ್ಲರನ್ನು (ಬಾಲ್ ಹಿಡಿಯುವ ಟ್ರೈಲರ್‌ನ ತುದಿ) ತಡೆದುಬಿಡಬಹುದು. ಅದಕ್ಕೆ ಹೊಂದುವುದೆಂದು ಸ್ಪಷ್ಟವಾಗಿ ಬರೆದಿರುವ ಹಿಚ್ಚನ್ನೇ ತೆಗೆದುಕೊಳ್ಳಿ.

ಉಳಿದವು

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಸ್ಪ್ರಿಂಗ್‌ನ ಕುಣಿತ ನಿಲ್ಲಿಸುತ್ತದೆ ಅಷ್ಟೆ. ಆದರೆ ಸ್ಪ್ರಿಂಗ್ ಬಿಗಿಯಾದ ಮೇಲೆ ಹಳೆಯ ಶಾಕ್ ಅದನ್ನು ಹಿಡಿಯಲಾರದು. ಏರಿಳಿತದ ರಸ್ತೆಯಲ್ಲಿ ಪಿಕಪ್ ಮತ್ತು ಟ್ರೈಲರ್ ಒಂದಾದ ಮೇಲೊಂದು ತಲೆಯಾಡಿಸತೊಡಗಿದರೆ ಅದು ಶಾಕ್‌ನ ದೂರು. ಲೀಫ್ ಬದಲಿಸುವಾಗ ಅದಕ್ಕೆ ಹೊಂದುವ ಶಾಕ್‌ಗಳನ್ನೂ ಜೊತೆಗೇ ಬದಲಿಸಿ. ಶಾಕ್ ಸುತ್ತಲೇ ಕಾಯಿಲ್ ಇರುವ ಅಥವಾ ಗಾಳಿ ತುಂಬುವ ಶಾಕ್‌ಗಳಿಂದ ದೂರವಿರಿ. ಆ ಶಾಕ್ ಮೌಂಟ್‌ಗಳು ಭಾರ ಹೊರಲು ಮಾಡಿದವಲ್ಲ, ಹಳೆಯ ಚಾಸಿಯಲ್ಲಿ ಕಿತ್ತು ಬರುತ್ತವೆ.

ಹಿಂದಿನ ಆಂಟಿ ರೋಲ್ ಬಾರ್ ತಿರುವಿನ ವಾಲಾಟ ತಗ್ಗಿಸುತ್ತದೆ, ಎತ್ತರದ ಹೊರೆ ಇರುವವರಿಗೆ ಉಪಯೋಗ. ಟ್ರೈಲರ್ ಬಾಲ ಬೀಸುವುದಕ್ಕೆ ಅದು ಮದ್ದಲ್ಲ. ಆ ಬೀಸಾಟದ ಮೂಲ ಕಡಿಮೆ ಬಾಲ್ ಭಾರ, ಹೆಚ್ಚಿನ ವೇಗ ಮತ್ತು ಮೆತ್ತಗಿನ ಟೈರ್.

ಉದ್ದ ಶಾಕಲ್ ಮತ್ತು ಆಕ್ಸಲ್ ಮೇಲಿಡುವ ಎತ್ತರದ ಬ್ಲಾಕ್ ಎಳೆಯುವ ಗಾಡಿಗೆ ಬೇಡವೇ ಬೇಡ. ಎತ್ತರ ಸಿಗುತ್ತದೆ, ಸಾಮರ್ಥ್ಯ ಒಂದು ಕೆಜಿಯೂ ಏರುವುದಿಲ್ಲ. ಬ್ಲಾಕ್ ಸನ್ನೆಯಾಗಿ ಕೆಲಸ ಮಾಡಿ ಏರಿನಲ್ಲಿ ಆಕ್ಸಲನ್ನು ಇನ್ನಷ್ಟು ತಿರುಚುತ್ತದೆ. ಮುಂಭಾಗದ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಭಾರ ಹೊರುವ ಉಕ್ಕಿನ ಸರಳು) ತಿರುಗಿಸಿ ಮೂತಿಯ ಎತ್ತರ ಸರಿಮಾಡುವುದೂ ಇದೇ ಜಾತಿಯ ಕೆಲಸ.

ಟೈರ್ ವಿಷಯ ಚಿಕ್ಕದು, ಆದರೆ ಹಲವು ಗಾಡಿಗಳಲ್ಲಿ ನಿಜವಾದ ದೋಷ ಅಲ್ಲಿಯೇ ಇರುತ್ತದೆ. ಬದಿಯಲ್ಲಿರುವ ಲೋಡ್ ಇಂಡೆಕ್ಸ್ 104 ಅಂದರೆ ಟೈರಿಗೆ 900 ಕೆಜಿ, 112 ಅಂದರೆ 1,120 ಕೆಜಿ. ವೇ ಬ್ರಿಡ್ಜ್‌ನಲ್ಲಿ ಬಂದ ಹಿಂದಿನ ಆಕ್ಸಲ್ ತೂಕದ ಅರ್ಧಕ್ಕಿಂತ ಇದು ಸಾಕಷ್ಟು ಹೆಚ್ಚಿರಲಿ. ಟೈರ್ ಬದಿಯಲ್ಲಿ DOT ಎಂಬ ಅಕ್ಷರಗಳ ಮುಂದಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ; 2314 ಎಂದಿದ್ದರೆ 2014ರ 23ನೇ ವಾರ. ಹತ್ತು ವರ್ಷ ದಾಟಿದ ಟೈರ್‌ನಲ್ಲಿ ಗೆರೆ ಚೆನ್ನಾಗಿ ಉಳಿದಿದ್ದರೂ ಟ್ರೈಲರ್ ಎಳೆಯಬೇಡಿ.

ಹಾಗಾದರೆ ಯಾರಿಗೆ ಯಾವುದು

ಖಾಲಿ ಇದ್ದಾಗಲೇ ಕೂತಿರುವ ಗಾಡಿಗೆ ಹೊಸ ಲೀಫ್ ಸೆಟ್, ಜೊತೆಗೆ ಶಾಕ್. ಅಲ್ಲಿಂದ ಮುಂದಿನದನ್ನು ಮತ್ತೆ ಅಳೆದ ಮೇಲೆ ಯೋಚಿಸಿ, ಬಹಳ ಸಲ ಬೇರೇನೂ ಬೇಕಾಗುವುದಿಲ್ಲ. ಖಾಲಿ ಎತ್ತರ ಸರಿಯಿದ್ದು ಟ್ರೈಲರ್ ಸಿಕ್ಕಿಸಿದಾಗ ಮೂತಿ 15–20 ಮಿಮೀಗಿಂತ ಹೆಚ್ಚು ಏಳುತ್ತಿದ್ದರೆ ಭಾರ ಹಂಚುವ ಹಿಚ್. ಮೂತಿ ಅಷ್ಟಾಗಿ ಏಳದೆ, ಡೆಕ್‌ನ ಹೊರೆಯಿಂದ ಹಿಂಭಾಗ ಮಾತ್ರ ಕೂರುತ್ತಿದ್ದರೆ, ಹೊರೆ ದಿನವೂ ಇರುವವರಿಗೆ ಹೆಲ್ಪರ್ ಸ್ಪ್ರಿಂಗ್, ಅಪರೂಪಕ್ಕೆ ಇರುವವರಿಗೆ ರಬ್ಬರ್. ಹೊರೆ ದಿನದಿಂದ ದಿನಕ್ಕೆ ಬದಲಾಗುತ್ತಿದ್ದು ಚಾಸಿ ಗಟ್ಟಿಯಾಗಿದ್ದರೆ ಏರ್ ಬ್ಯಾಗ್. ಖರ್ಚಿಗೆ ಕೈ ಬಿಗಿಯಾಗಿದ್ದರೆ ಒಳ್ಳೆಯ ಟೈರ್, ಹೊಸ ಬುಷ್, ಹೊಸ ಯು-ಬೋಲ್ಟ್ ಹಾಕಿಸಿ, ಟ್ರೈಲರ್ ಹೊರೆಯನ್ನು 200 ಕೆಜಿ ಇಳಿಸುವುದು ಮೇಲೆ ಹೇಳಿದ ಅನೇಕ ಮಾರ್ಪಾಡುಗಳಿಗಿಂತ ಹೆಚ್ಚು ಸುರಕ್ಷಿತ.

ಏನೇ ಹಾಕಿಸಿದರೂ ಕೆಲಸ ಮುಗಿದ ಮೇಲೆ ಹಿಂದಿನ ಎತ್ತರ ಬದಲಾಗಿರುತ್ತದೆ. ಟ್ರೈಲರ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಬಾಲ್ ಎತ್ತರವನ್ನು ಹೊಂದಿಸಿ, ಹೆಡ್‌ಲೈಟ್ ಗುರಿ ತಿದ್ದಿಸಿ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ನಡುಕ ಬಂದರೆ ಆಕ್ಸಲ್ ಪ್ಯಾಡ್ ಮೇಲೆ ಬೆಣೆ ಕೊಡಿಸಿ. ಟ್ರೈಲರ್ ಸಮೇತ ಮತ್ತೊಮ್ಮೆ ವೇ ಬ್ರಿಡ್ಜ್‌ಗೆ ಹೋಗಿ ಮೂರೂ ಆಕ್ಸಲ್‌ಗಳ ತೂಕವನ್ನು ಮೊದಲಿನ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ಮೊದಲ ಓಟ ಗಂಟೆಗೆ 60 ಕಿಮೀ ಒಳಗೆ, ವಾಹನ ವಿರಳವಾಗಿರುವ ರಸ್ತೆಯಲ್ಲಿ ಇರಲಿ. ಮರಳಿದ ಮೇಲೆ ನಾಲ್ಕೂ ಚಕ್ರದ ಹಬ್‌ಗೆ ಕೈ ಹತ್ತಿರ ಹಿಡಿದು ಶಾಖ ನೋಡಿ, ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಆ ಬ್ರೇಕ್ ಅಥವಾ ಬೇರಿಂಗ್ ಬಿಚ್ಚಿಸುವ ತನಕ ಟ್ರೈಲರ್ ಸಿಕ್ಕಿಸಬೇಡಿ.